ಬುಧವಾರದ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು

ಶಿಡ್ಲಘಟ್ಟ
ಗುರುವಾರ, 22-3-1962

ಗೌರಿಬಿದನೂರಿನಲ್ಲಿರುವ ನನ್ನ ಯಜಮಾನರಾದ ಎಲೀಷಪ್ಪನವರಿಗೆ, ಸುವಾರ್ತಮ್ಮ ಮಾಡುವ ವಂದನೆಗಳು.

ಪ್ರಿಯರೇ ಎಂದು ಬರೆಯಲು ಕೈ ಬರಲಿಲ್ಲ. ಮಹನೀಯರೇ ಎಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ ಹಾಗಾಗುತ್ತದೆ. ಹದಿನಾಲ್ಕು ವರ್ಷ ದೂರವಿದ್ದ ಗಂಡನನ್ನು ಕಾಗದದಲ್ಲಿ ಏನೆಂದು ಕರೆಯಬೇಕೆಂದು ನಮ್ಮ ಸಭೆಯಲ್ಲಿ ಯಾರೂ ಕಲಿಸಿಲ್ಲ. ಯಜಮಾನರು ಅಂತಲೇ ಇರಲಿ.

ನಿಮ್ಮ ಕಾರ್ಡು ಹೋದ ವಾರ ಬಂತು. ಒಂದು ಕವರಿನಲ್ಲಿ ಹಾಕಿ ಕಳಿಸಬಾರದಿತ್ತೇ? ಪೋಸ್ಟಿನ ಆವಲಪ್ಪ ಅದನ್ನು ಓದಿಕೊಂಡೇ ನಮ್ಮ ಬೀದಿಗೆ ಬಂದನಂತೆ. ನಾನು ಬೈಬಲ್ ವಾಕ್ಯ ಹೇಳಲು ಹಳ್ಳಿಯ ಕಡೆ ಹೋಗಿದ್ದೆ. ಸಂಜೆ ಬಸ್ಸಿಳಿದು ಕಾಲೆಳೆದುಕೊಂಡು ಬಂದರೆ, ಸ್ತ್ರೀ ಸಂಘದ ಯಜಮಾನಿ ಮುನಿಶಾಮಮ್ಮನವರು ನಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಎರಡೂ ಕೈ ಹಿಡಿದು ಅಳಲು ಶುರುಮಾಡಿದರು. ಯಾರೋ ಹೋಗಿಬಿಟ್ಟರೆಂದುಕೊಂಡೆ. ಆಮೇಲೆ ನೋಡಿದರೆ, ನೀವು ಬರುತ್ತಿದ್ದೀರೆಂದು ಅಳುತ್ತಿದ್ದರು.

ಕಾರ್ಡು ನಾನೂ ಓದಿದೆ, ಬೀದಿಯವರೆಲ್ಲ ಓದಿ ಮುಗಿಸಿದ ಮೇಲೆ. ಆರೋಗ್ಯವಾಗಿದ್ದೇನೆ, ವಯಸ್ಸಾಯಿತು, ಈಸ್ಟರ್ ಹಬ್ಬದ ಹಿಂದಿನ ದಿನ ಬರುತ್ತೇನೆ, ಬೇಡವಾದರೆ ಬಾಗಿಲಲ್ಲೇ ಹೇಳು, ಹಾಗೇ ಹಿಂತಿರುಗುತ್ತೇನೆ ಎಂದು ಬರೆದಿದ್ದೀರಿ. ಉತ್ತರ ಬರೆಯುವ ತೊಂದರೆ ಬೇಡ ಎಂದೂ ಬರೆದಿದ್ದೀರಿ. ನಿಮ್ಮ ಅಕ್ಷರ ಹಾಗೆಯೇ ಇದೆ, ಮಕ್ಕಳಿಗೆ ಹಲಗೆಯ ಮೇಲೆ ಬರೆದುಕೊಟ್ಟ ಹಾಗೆ ದುಂಡಗೆ. ತೊಂದರೆ ಬೇಡವೆಂದರೂ ಉತ್ತರ ಬರೆಯಲೇಬೇಕಾಗಿದೆ. ನೀವು ಇಲ್ಲಿಗೆ ಬರಬೇಡಿ. ಏಕೆಂದು ಹೇಳುತ್ತೇನೆ, ಪೂರ್ತಿ ಓದಿ.

ಈಸ್ಟರ್ ದಿನ ಆರಾಧನೆ ಮುಗಿದ ಮೇಲೆ ನಿಮಗಾಗಿ ವಿಶೇಷ ಸ್ತೋತ್ರ ಆರಾಧನೆ ಇಟ್ಟುಕೊಂಡಿದ್ದಾರೆ. ನಮ್ಮ ಸಭೆಯ ಈಗಿನ ಪಾದ್ರಿ ಅಯ್ಯನವರೇ ಮನೆಗೆ ಬಂದು ಹೇಳಿದರು. ಹೊಸಬರು, ನಿಮ್ಮನ್ನು ನೋಡಿಲ್ಲ, ಪ್ರಾಯದವರು, ಒಳ್ಳೆಯವರು. ನಿಮ್ಮನ್ನು ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುತ್ತಾರೆ. ಸಂಘದವರು ನಿಮಗೆಂದು ಹೊಸ ಪಂಚೆ ತಂದಿಟ್ಟಿದ್ದಾರೆ. ಯಾವ ಹಾಡು ಎಂಬುದೂ ಆಗಿದೆ, ಮುನಿಶಾಮಮ್ಮನವರ ಮನೆಯಿಂದ ಪಾಯಸ ಎಂಬುದೂ ಆಗಿದೆ. ನೀವು ಏನು ಹೇಳಬೇಕು ಎನ್ನುವುದು ಸಹ ನಿಮ್ಮನ್ನು ಕೇಳದೆಯೇ ತೀರ್ಮಾನವಾಗಿದೆ. ದಾರಿ ತಪ್ಪಿದ್ದೆ, ಹೆಂಡತಿಯ ಪ್ರಾರ್ಥನೆ ನನ್ನನ್ನು ಎಳೆದು ತಂದಿತು ಎನ್ನಬೇಕು. ಅದು ನಿಜವೋ ಸುಳ್ಳೋ ನಿಮಗೆ ಗೊತ್ತು, ನನಗೂ ಗೊತ್ತು.

ಇಷ್ಟೆಲ್ಲ ಓಡಾಟ ನಡೆದರೂ ಒಬ್ಬರಾದರೂ ನನ್ನ ಹತ್ತಿರ ಕೂತು, ನಿನಗೆ ಅವರು ಬೇಕೇನಮ್ಮ ಎಂದು ಕೇಳಲಿಲ್ಲ. ಅವರನ್ನು ಏನೂ ಅನ್ನುವ ಹಾಗಿಲ್ಲ. ನೀವು ಬಿಟ್ಟುಹೋದ ವರ್ಷದಿಂದ ಬುಧವಾರದ ಕೂಟದಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ನಡೆಯುತ್ತಿದೆ. ಕೇಳಿಕೊಂಡವಳು ನಾನೇ. ಮೊದಲು ರೋಗಿಗಳ ಹೆಸರು, ಆಮೇಲೆ ಪರೀಕ್ಷೆಗೆ ಕೂತ ಮಕ್ಕಳದು, ಕಡೆಗೆ ನಿಮ್ಮದು. ರೋಗಿಗಳು ವಾಸಿಯಾದರು ಅಥವಾ ತೀರಿಕೊಂಡರು, ಮಕ್ಕಳು ಪಾಸಾದರು ಅಥವಾ ಫೇಲಾದರು. ನಿಮ್ಮ ಹೆಸರು ಮಾತ್ರ ಅಲ್ಲೇ ಉಳಿಯಿತು. ಬರಬರುತ್ತಾ ನನಗೆ ಅದು ಹಲ್ಲುಜ್ಜಿದಷ್ಟೇ ಆಯಿತು. ಬಾಯಿ ಹೇಳುತ್ತಿತ್ತು, ನಾನು ರಾತ್ರಿಗೆ ಏನು ಸಾರು ಮಾಡಲಿ ಎಂದು ಯೋಚಿಸುತ್ತಿದ್ದೆ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ದೇವರ ಮುಂದೆ ಕೂತು ಬೇಡದ್ದನ್ನು ಬೇಕು ಎಂದೆ. ಕಾರ್ಡು ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಗಾಬರಿಯಾಯಿತು. ಕೇಳಿದ್ದನ್ನು ದೇವರು ಕೊಟ್ಟೇಬಿಟ್ಟರಲ್ಲ ಎನ್ನಿಸಿತು.

ನಿಜ ಹೇಳಬೇಕೆಂದರೆ ನೀವಿಲ್ಲದ ಮೇಲೆ ನನಗೆ ಮರ್ಯಾದೆ ಜಾಸ್ತಿಯಾಯಿತು. ಮೊದಲು ಮೇಷ್ಟ್ರ ಹೆಂಡತಿ ಅಷ್ಟೇ. ಆಮೇಲೆ ತಾಳ್ಮೆಯ ಹೆಂಗಸು. ನೀವು ಯಾರ ಜೊತೆಗೋ ಹೋದಿರೆಂದು ಜನ ತಾವೇ ಕಟ್ಟಿಕೊಂಡರು. ನಾನು ಹಾಗೆಂದು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡೆ, ಅಷ್ಟರಿಂದಲೇ ಎಲ್ಲ ನಡೆದುಹೋಯಿತು. ಹಳ್ಳಿಗಳಲ್ಲಿ ಗಂಡಂದಿರಿಂದ ಏಟು ತಿಂದ ಹೆಣ್ಣುಮಕ್ಕಳು ನನ್ನ ಸೆರಗು ಹಿಡಿದು, ನಿಮ್ಮಷ್ಟು ತಾಳ್ಮೆ ನಮಗಿಲ್ಲ ಅಕ್ಕ ಎನ್ನುತ್ತಿದ್ದರು. ನಾನು ಅವರಿಗೆ ಕ್ಷಮೆಯ ಪಾಠ ಹೇಳಿ ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಿದ್ದೆ.

ಈಗ ಆ ನಡಿಗೆಯೂ ಆಗುವುದಿಲ್ಲ. ಬೇಸಿಗೆ ಬೇಗ ಬಂದಿದೆ, ಕಾಲು ಊದಿಕೊಳ್ಳುತ್ತವೆ. ರೇಷ್ಮೆ ಬಿಚ್ಚುವ ಮನೆಗಳ ಮುಂದೆ ಹಾದರೆ ಗೂಡು ಬೇಯಿಸುವ ವಾಸನೆಗೆ ಮೊದಲು ಏನೂ ಆಗುತ್ತಿರಲಿಲ್ಲ, ಈಗ ತಲೆ ಸುತ್ತುತ್ತದೆ. ಬೇರೆಯವರಿಗೆ ಹೇಳುವ ಮಾತು ನನ್ನ ಕಿವಿಗೇ ಸಪ್ಪೆಯಾಗಿ ಕೇಳಿಸುತ್ತದೆ. ಮೈ ದಣಿದಿದೆಯೋ ಮನಸ್ಸು ದಣಿದಿದೆಯೋ ತಿಳಿಯದೆ ಎಷ್ಟೋ ದಿನ ಆಸ್ಪತ್ರೆಯ ಮಾತ್ರೆ ನುಂಗಿದೆ.

ಯಾವುದರಿಂದ ದಣಿದಿದ್ದೇನೆಂದು ತಿಳಿದದ್ದು ಚಿಂತಾಮಣಿಯಲ್ಲಿ.

ನಮ್ಮ ದೋರ್ಕಾ ಈಗ ಅಲ್ಲಿದ್ದಾಳೆ. ನೀವು ಹೋದಾಗ ಹತ್ತು ವರ್ಷದವಳು, ಎರಡು ಜಡೆ. ಈಗ ಅವಳಿಗೆ ಮದುವೆಯಾಗಿ ಮೂರು ವರ್ಷ. ಗಂಡನ ಹೆಸರು ಜಯಶೀಲ, ಅವನೂ ನಿಮ್ಮ ಹಾಗೆ ಮೇಷ್ಟ್ರು, ಮಾತು ಕಡಿಮೆ. ಹೊಸ ವರ್ಷಕ್ಕೆ ಅವರ ಮನೆಗೆ ಹೋಗಿದ್ದೆ. ಸಂಜೆ ಕುಟುಂಬ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದೆವು. ದೋರ್ಕಾ ಕಣ್ಣು ಮುಚ್ಚಿ ಶುರುಮಾಡಿದಳು. ದೇವರಿಗೆ ಸ್ತೋತ್ರ ಆಯಿತು, ಅತ್ತೆಮಾವಂದಿರು ಆಯಿತು, ಮಳೆ ಬೆಳೆ ಆಯಿತು. ಆಮೇಲೆ ಅವಳ ದನಿ ಸ್ವಲ್ಪ ಏರಿತು. ಕರ್ತನೇ, ಊಟದ ಹೊತ್ತಿಗೆ ಮನೆಗೆ ಬಾರದೆ ಸ್ನೇಹಿತರ ಜೊತೆ ಹರಟೆ ಹೊಡೆಯುವವರ ಮನಸ್ಸನ್ನು ತಿರುಗಿಸು. ಕರ್ತನೇ, ಹೆಂಡತಿ ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳದವರನ್ನು ಕ್ಷಮಿಸು. ಹೀಗೆ ಒಂದೊಂದಾಗಿ.

ನಾನು ಕಣ್ಣು ತೆರೆದೆ. ಪ್ರಾರ್ಥನೆಯಲ್ಲಿ ಕಣ್ಣು ತೆರೆದವಳಲ್ಲ ನಾನು, ನಿಮಗೆ ಗೊತ್ತು. ಜಯಶೀಲ ತಲೆ ಬಗ್ಗಿಸಿಕೊಂಡು ಕೂತಿದ್ದ. ಅವನ ಕತ್ತಿನ ಹಿಂಭಾಗ ಕೆಂಪಾಗಿತ್ತು. ಉತ್ತರ ಕೊಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ, ಅವಳು ಮಾತಾಡುತ್ತಿರುವುದು ದೇವರ ಹತ್ತಿರ ತಾನೇ. ಚಾಪೆಯ ಒಂದು ಎಳೆಯನ್ನು ಉಗುರಿನಿಂದ ಕೀಳುತ್ತಾ ಕೂತಿದ್ದ.

ಅವಳ ಮಾತು, ಅವಳ ದನಿ ಏರುವ ರೀತಿ, ಎಲ್ಲವೂ ನನ್ನದು. ನಾನು ಅವಳಿಗೆ ಹೊಲಿಗೆ ಕಲಿಸಿದೆ, ಹಾಡು ಕಲಿಸಿದೆ ಎಂದುಕೊಂಡಿದ್ದೆ. ಇದನ್ನೂ ಕಲಿಸಿದ್ದೆ.

ಇಲ್ಲಿಗೆ ಬರುವ ಮುಂಚೆ ನಾವಿದ್ದ ಮಂಡಿಕಲ್ ಕಡೆಯ ಆ ಹಳ್ಳಿಯ ಮನೆ ನೆನಪಾಯಿತು. ಸ್ಕೂಲು ಮುಗಿಸಿ ಬಂದು ನೀವು ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದಿರಿ. ಎದುರಿಗೆ ನಾನು ಒಂದು ದಿನವೂ ಏನೂ ಅನ್ನಲಿಲ್ಲ. ನನ್ನಂಥ ಸಹನೆಯ ಹೆಂಡತಿ ಇಲ್ಲವೆಂದೇ ಎಣಿಸಿದ್ದೆ. ಅನ್ನುವುದನ್ನೆಲ್ಲ ಸಂಜೆಯ ಪ್ರಾರ್ಥನೆಗೆ ಕೂಡಿಟ್ಟುಕೊಳ್ಳುತ್ತಿದ್ದೆ. ಬೀಡಿಯ ವಿಷಯ ದೇವರಿಗೆ ಹೇಳಿದೆ. ಊರಿನ ನರಸಪ್ಪನ ಜೊತೆ ನಾಟಕ ನೋಡಲು ಹೋದದ್ದನ್ನು ಹೇಳಿದೆ. ನೀವು ಭಾನುವಾರ ಆರಾಧನೆಯಲ್ಲಿ ತೂಕಡಿಸಿದ್ದನ್ನು ಮಗುವಿನ ಮುಂದೆಯೇ ಹೇಳಿ, ಅದಕ್ಕಾಗಿ ಕಣ್ಣೀರು ಸಹ ಹಾಕಿದೆ. ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನಾನು ನಿಮ್ಮನ್ನು ಪರೀಕ್ಷಿಸಿದೆ, ದಿನಾ ಪರೀಕ್ಷಿಸಿದೆ, ದಿನಾ ಫೇಲು ಮಾಡಿದೆ.

ಕಡೆಯ ದಿನ ನಾನು ಏನು ಹೇಳುತ್ತಿದ್ದೆನೋ ನೆನಪಿಲ್ಲ. ನೀವು ಮಧ್ಯದಲ್ಲೇ ಆಮೆನ್ ಎಂದಿರಿ. ಜೋರಾಗಿಯೂ ಅಲ್ಲ, ಕೋಪವಾಗಿಯೂ ಅಲ್ಲ. ಎದ್ದು ಚಾಪೆ ದಾಟಿ, ಅಂಗಿ ಹಾಕಿಕೊಂಡು ಹೊರಗೆ ಹೋದಿರಿ. ನಾನು ಕಣ್ಣು ತೆರೆಯದೆ ಉಳಿದದ್ದನ್ನು ಮುಗಿಸಿದೆ. ಅಷ್ಟು ಹಟ ನನಗೆ. ನೀವು ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ನಾನು ಇನ್ನೂ ನಿಮಗಾಗಿ ಕ್ಷಮೆ ಬೇಡುತ್ತಿದ್ದೆ.

ಆಮೇಲೆ ಮಾಡಿದ್ದೂ ಅದೇ ಅಲ್ಲವೇ? ಮನೆಯಲ್ಲಿ ಒಬ್ಬಳೇ ಮಾಡುತ್ತಿದ್ದದ್ದನ್ನು ಬುಧವಾರ ಇಡೀ ಸಂಘವನ್ನು ಕೂರಿಸಿಕೊಂಡು ಮಾಡಿದೆ.

ಚಿಂತಾಮಣಿಯಿಂದ ಬಂದ ಮೇಲೆ ಸಂಜೆ ಒಬ್ಬಳೇ ಮೊಣಕಾಲೂರಿದರೆ ಮಾತು ಹೊರಡಲಿಲ್ಲ. ಬೇರೆಯವರ ತಪ್ಪುಗಳನ್ನು ಬಿಟ್ಟರೆ ನನ್ನ ಪ್ರಾರ್ಥನೆಯಲ್ಲಿ ಎರಡು ಮಾತೂ ಉಳಿಯುವುದಿಲ್ಲ. ಸುಮ್ಮನೆ ಕೂತು, ಕಾಲು ನೋವು ಬಂದಾಗ ಎದ್ದೆ. ಲೆಂಟ್ ಉಪವಾಸದ ದಿನಗಳು ಶುರುವಾದವು. ಕರ್ತನ ಭೋಜನದ ಹಿಂದಿನ ಶನಿವಾರ ನಮ್ಮಲ್ಲಿ ಸಿದ್ಧತೆಯ ಕೂಟ ನಡೆಯುವುದು ನಿಮಗೆ ನೆನಪಿರಬಹುದು. ಯಾರ ಮೇಲೆ ಏನು ಇಟ್ಟುಕೊಂಡಿದ್ದೀರಿ, ಯಾಕೆ ಬದುಕುತ್ತಿದ್ದೀರಿ, ನಾಳೆಯಿಂದ ಏನು ಮಾಡಬೇಕೆಂದಿದ್ದೀರಿ, ಅದನ್ನು ನಿಮ್ಮೊಳಗೆ ಕೇಳಿಕೊಳ್ಳಿ ಎಂದು ಅಯ್ಯನವರು ಹೇಳಿ ಸ್ವಲ್ಪ ಹೊತ್ತು ಎಲ್ಲರನ್ನೂ ಮೌನವಾಗಿ ಕೂರಿಸಿದರು. ಬೇರೆ ವರ್ಷವಾಗಿದ್ದರೆ ಆ ಹೊತ್ತಿನಲ್ಲಿ ನಾನು ಅಕ್ಕಪಕ್ಕದವರ ಬಗ್ಗೆ ಯೋಚಿಸುತ್ತಿದ್ದೆ. ಈ ಸಲ ಏನು ಮಾಡಬೇಕೆಂದಿದ್ದೀಯೆ ಎನ್ನುವ ಮಾತು ನನ್ನನ್ನು ಹಿಡಿದುಕೊಂಡಿತು. ನಾನು ಇದುವರೆಗೆ ಏನನ್ನೂ ಬೇಕೆಂದು ಮಾಡಿಲ್ಲ. ಎಲ್ಲವನ್ನೂ ಜನ ನೋಡುತ್ತಾರೆಂದು ಮಾಡಿದ್ದೇನೆ. ಮರುದಿನ ಎಲ್ಲರೂ ರೊಟ್ಟಿ ದ್ರಾಕ್ಷಾರಸಕ್ಕೆ ಎದ್ದುಹೋದಾಗ ನಾನು ಬೆಂಚಿನಲ್ಲೇ ಕೂತೆ. ಕಾಲು ನೋವೆಂದು ತಿಳಿದುಕೊಂಡ ಮುನಿಶಾಮಮ್ಮ ಆ ಸಂಜೆ ನೀಲಗಿರಿ ಎಣ್ಣೆ ಕಳಿಸಿಕೊಟ್ಟರು.

ಆಗ ಬಂದದ್ದು ನಿಮ್ಮ ಕಾರ್ಡು.

ನಿನ್ನೆ ಬುಧವಾರ. ಕೂಟದಲ್ಲಿ ನಾನು ಎದ್ದು ನಿಂತೆ. ಅವರು ಯಾವ ಹೆಂಗಸಿನ ಜೊತೆಗೂ ಹೋಗಲಿಲ್ಲ, ನನ್ನ ಪ್ರಾರ್ಥನೆ ತಾಳಲಾರದೆ ಹೋದರು ಎಂದು ಹೇಳಿದೆ. ಹೇಗೆ ಪ್ರಾರ್ಥಿಸುತ್ತಿದ್ದೆ ಎಂಬುದನ್ನೂ ಹೇಳಿದೆ. ಕಡೆಗೆ, "ನಾನು ನಿಮ್ಮ ಕೈಲಿ ಇಷ್ಟು ವರ್ಷ ಕೇಳಿಸಿದ್ದು ನನಗೆ ಬೇಕಾಗಿರಲಿಲ್ಲ, ಅವರು ಬರದೆ ಇದ್ದದ್ದೇ ನನಗೆ ಸುಖವಾಗಿತ್ತು" ಎಂದೆ. ಯಾರಾದರೂ ಬಯ್ಯುತ್ತಾರೆಂದು ಕಾದೆ.

ಮುನಿಶಾಮಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥ ತಗ್ಗಿಸ್ಕೊಳ್ಳೋ ಮನಸ್ಸಮ್ಮ ನಿಮ್ದು, ಇದನ್ನೇ ಈಸ್ಟರ್ ದಿನ ಎಲ್ಲಾರ ಮುಂದೆ ಹೇಳ್ಬಿಡಿ" ಎಂದರು. ಉಳಿದವರೂ ಅತ್ತರು. ನನ್ನ ನಮ್ರತೆಗಾಗಿ ಸ್ತೋತ್ರ ಹೇಳಿ ಕೂಟ ಮುಗಿಸಿದರು. ಏನು ಹೇಳಲಿ ಹೇಳಿ. ಕೊಡವಿ ಬಿಸಾಡಿದ ಬಟ್ಟೆಯನ್ನು ಮಡಿಸಿ ಮತ್ತೆ ಕೈಗೆ ಕೊಟ್ಟರು.

ಒಬ್ಬರು ಮಾತ್ರ ಅಳಲಿಲ್ಲ. ಓಬಳಮ್ಮ, ನಿಮಗೆ ನೆನಪಿರಬೇಕು, ದೇವಾಲಯ ಗುಡಿಸುವವರು, ಈಗ ಬಹಳ ಮುದುಕಿ. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿ, "ನಿನ್ ಗಂಡಂಗೋಸ್ಕರ ನಾನು ಬುಧವಾರ ಬುಧವಾರ ಕಾಫಿ ಬಿಟ್ಟಿದ್ದೆ ಕಣಮ್ಮ" ಎಂದರು. ಅಷ್ಟೇ ಹೇಳಿ, ನನ್ನ ಮುಖವನ್ನೂ ನೋಡದೆ ಹೊರಟುಹೋದರು. ಆ ಮುದುಕಿಗೆ ಈ ಲೋಕದಲ್ಲಿ ಇದ್ದ ಸುಖ ಆ ಒಂದು ಲೋಟ ಕಾಫಿ. ನನ್ನ ಮಾತನ್ನು ನಂಬಿದವರು ಅವರೊಬ್ಬರೇ. ಇವತ್ತು ಬೆಳಿಗ್ಗೆ ಅವರ ಮನೆಗೆ ಹೋಗಿ ಕ್ಷಮಿಸಿ ಅಂದೆ. ಆಯ್ತು ಹೋಗಮ್ಮ ಅಂದರು, ಒಳಗೆ ಕರೆಯಲಿಲ್ಲ. ಅದು ನ್ಯಾಯವೇ.

ಅಯ್ಯನವರಿಗೂ ಸ್ತೋತ್ರ ಆರಾಧನೆ ಬೇಡವೆಂದು ಹೇಳಿದ್ದೇನೆ. ನೋಡೋಣ, ಸಂಕೋಚಪಡಬೇಡಿ ಎಂದರು. ಆದ್ದರಿಂದ ನೀವು ಬರಬೇಡಿ. ಬಂದರೆ ಪಂಚೆ ಉಡಿಸಿ ನಿಲ್ಲಿಸಿಯೇ ಬಿಡುತ್ತಾರೆ, ನಾನೊಬ್ಬಳು ಅವರನ್ನು ತಡೆಯಲಾರೆ.

ನಾನೇ ಬರುತ್ತೇನೆ. ಮಾರ್ಚ್ ಮೂವತ್ತೊಂದು, ಶನಿವಾರ, ಬೆಳಗಿನ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಲ್ಲಿಂದ ಗೌರಿಬಿದನೂರಿನ ಬಸ್ಸು ಹಿಡಿಯುತ್ತೇನೆ. ಇದನ್ನು ಯಾರೂ ನನಗೆ ಹೇಳಿಲ್ಲ, ಯಾರಿಗೂ ನಾನು ಹೇಳಿಲ್ಲ. ನೀವು ಬೇಕು ಎಂದು ಹೇಳಲಾರೆ, ಇನ್ನೊಂದು ಸುಳ್ಳು ಬೇಡ. ಬೇಡವೆಂದೂ ಈಗ ಅನ್ನಿಸುತ್ತಿಲ್ಲ. ನಿಮ್ಮ ಎದುರಿಗೆ ಕೂತು, ಕಣ್ಣು ತೆರೆದುಕೊಂಡು, ನಿಮ್ಮ ಜೊತೆಯೇ ಮಾತಾಡಬೇಕೆಂದಿದೆ. ಜೊತೆಗೆ ಇರುವುದೋ ಬೇಡವೋ ಅದಾದ ಮೇಲೆ.

ಇನ್ನೊಂದು ಕೇಳಬೇಕು, ಇದು ನನಗೆ ಬೇಕೇಬೇಕಾದದ್ದು. ಅಲ್ಲಿಂದ ನನ್ನ ಜೊತೆ ಚಿಂತಾಮಣಿಗೆ ಬನ್ನಿ. ಹೋದ ತಿಂಗಳು ನಾನು ಮತ್ತೆ ಅಲ್ಲಿಗೆ ಹೋಗಿ ದೋರ್ಕಾಗೆ ಬುದ್ಧಿ ಹೇಳಲು ನೋಡಿದೆ. ನೀನು ಮಾಡಿದ್ದು ಪ್ರಾರ್ಥನೆ, ನಾನು ಮಾಡಿದರೆ ತಪ್ಪಾ ಎಂದು ಮುಖ ತಿರುಗಿಸಿದಳು. ಜಯಶೀಲ ಈಗ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಇರುವುದಿಲ್ಲವಂತೆ. ಅವನು ಇನ್ನೂ ಆಮೆನ್ ಅಂದಿಲ್ಲ. ಅನ್ನುವುದಕ್ಕೆ ಬಹಳ ದಿನ ಇಲ್ಲ ಎಂದು ನನಗೆ ಭಯ. ನನ್ನ ಮಾತನ್ನು ಅವಳು ಕೇಳುವುದಿಲ್ಲ. ಆ ಚಾಪೆಯ ಮೇಲೆ ಕೂತಿದ್ದವರಿಗೆ ಹೇಗಾಗುತ್ತದೆಂದು ಅವಳಿಗೆ ಹೇಳಬಲ್ಲವರು ನೀವೊಬ್ಬರೇ. ನನ್ನನ್ನು ಏನು ಬೇಕಾದರೂ ಅನ್ನಿ, ಅವಳ ಮುಂದೆಯೇ ಅನ್ನಿ. ಅವಳ ಮನೆ ಉಳಿಯಲಿ.

ಸುಸ್ತಾಗಿದೆ. ಇಷ್ಟು ಉದ್ದ ನಾನು ಯಾರಿಗೂ ಬರೆದಿಲ್ಲ. ಓದುವಾಗ ನಿಮ್ಮ ಕಣ್ಣಿಗೆ ಆಯಾಸವಾದರೆ ಅಲ್ಲಲ್ಲಿ ನಿಲ್ಲಿಸಿ ಓದಿ.

ಇಂತಿ, ನಿಮ್ಮ ಉತ್ತರಕ್ಕೆ ಕಾಯದೆ ಹೊರಡಲಿರುವ,
ಸುವಾರ್ತಮ್ಮ

ತಾ.ಕ.: ಕಾರ್ಡಿನಲ್ಲಿ ನೀವು ಊರಿನ ಹೆಸರು ಬಿಟ್ಟು ಬೇರೆ ವಿಳಾಸ ಬರೆದಿಲ್ಲ. ಈ ಕಾಗದ ಕಡಲೆಕಾಯಿ ಮಂಡಿಗೇ ಹೇಗೆ ಬಂತೆಂದು ನಿಮಗೆ ಆಶ್ಚರ್ಯವಾಗಿರಬೇಕು. ನೀವು ಅಲ್ಲಿ ಲೆಕ್ಕ ಬರೆಯುತ್ತಿರುವುದನ್ನು ನಮ್ಮ ಊರಿನ ರೇಷ್ಮೆ ವ್ಯಾಪಾರಿ ಕರೀಂ ಸಾಬ್ ನನಗೆ ಹೇಳಿ ನಾಲ್ಕು ವರ್ಷವಾಯಿತು. ದೋರ್ಕಾಳ ಮದುವೆಗೆ ಮುಂಚೆ, ಲಗ್ನಪತ್ರಿಕೆ ಹಿಡಿದುಕೊಂಡು ನಾನು ಗೌರಿಬಿದನೂರಿಗೆ ಬಂದಿದ್ದೆ. ನೀವು ಮಂಡಿಯ ಬಾಗಿಲಲ್ಲಿ ಹಮಾಲಿಗಳ ಜೊತೆ ನಿಂತು ನಗುತ್ತಿದ್ದಿರಿ. ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಿರಿ. ನಮ್ಮ ಮನೆಯಲ್ಲಿ ನೀವು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ತಡೆಯಲಾಗದ ಹೊಟ್ಟೆಕಿಚ್ಚು ಬಂತು. ಪತ್ರಿಕೆ ಕೊಡದೆ ಎದುರು ಬೀದಿಯಿಂದಲೇ ತಿರುಗಿ ಬಂದೆ. ಅಪ್ಪ ಎಲ್ಲಿದ್ದಾರೋ ಗೊತ್ತಿಲ್ಲ ಎಂದು ಮಗಳಿಗೆ ಹೇಳಿದೆ. ಮದುವೆಯಲ್ಲಿ ಅವಳ ಕೈ ಹಿಡಿದು ಒಪ್ಪಿಸಿದವರು ಆಗಿನ ಅಯ್ಯನವರು. ಇದನ್ನು ನಿನ್ನೆ ಕೂಟದಲ್ಲಿ ಹೇಳಲಿಲ್ಲ, ಮೊದಲು ನಿಮಗೇ ಹೇಳಬೇಕಿತ್ತು. ಇದನ್ನು ಓದಿದ ಮೇಲೆ ನನ್ನ ಮುಖ ನೋಡುವುದು ಬೇಡವೆನಿಸಿದರೆ ಶನಿವಾರ ಮಂಡಿಯಲ್ಲಿ ಇರಬೇಡಿ, ನಾನು ತಿಳಿದುಕೊಳ್ಳುತ್ತೇನೆ. ಆದರೆ ಚಿಂತಾಮಣಿಗೆ ನೀವೊಬ್ಬರೇ ಆದರೂ ಹೋಗಿ. ಮನೆ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಜಯಶೀಲ ಮೇಷ್ಟ್ರು ಎಂದರೆ ಯಾರಾದರೂ ತೋರಿಸುತ್ತಾರೆ. ಮಗಳು ನಿಮ್ಮನ್ನು ತಡೆದು, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳುತ್ತಾಳೆ. ಅಮ್ಮನಿಗೆ ಗೊತ್ತಿತ್ತು ಎಂದು ಹೇಳಿ.